ರಾಯಚೂರಿನಿಂದ ಕಠ್ಮಂಡು, ಹೊಸ್ತಿಲಿನಿಂದ ಹೊಸ್ತಿಲಿಗೆ

ಟಿಕೆಟ್ ಕೌಂಟರಿನ ಎದುರು ಬಂದು ನಿಂತ ಗಿರಾಕಿ ಮೊದಲು ದುಡ್ಡಿನ ಮಾತು ಎತ್ತುತ್ತಾನೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ದೂರ ಅದ? ಎಷ್ಟು ತಾಸು ಹಿಡೀತದ? ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಮಾಳಿಗೆಯ ಮೇಲೆ, ವಿಮಾನದ ಟಿಕೆಟ್ಟು, ಯಾತ್ರೆ, ಪ್ರವಾಸ ಮಾಡಿಕೊಡುವ ಪುಟ್ಟ ಆಫೀಸಿನಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಈ ಎರಡು ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಹೋಯಿತು. ಊರಿನವರಿಗೆ ನಾನು ಟಿಕೆಟ್ ಅಕ್ಕ. ನಿವೃತ್ತಿಯಾಗಿ ವರ್ಷವಾಗುತ್ತ ಬಂದರೂ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಹೈದರಾಬಾದಿನಿಂದ ಕೊಲಂಬೊಗೆ ಎಷ್ಟು ತಾಸು ಎಂದು ಕೇಳುತ್ತಾರೆ. ನಾನು ಬದನೆಕಾಯಿಯನ್ನು ಅಲ್ಲೇ ಬಿಟ್ಟು ಉತ್ತರಕ್ಕೆ ನಿಲ್ಲುತ್ತೇನೆ. ಇದು ಒಂದು ನಮೂನೆಯ ಹುಚ್ಚು, ಹತ್ತಿದರೆ ಬಿಡುವುದಿಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಫೋನಿನ ಮೇಲೆ ಬೆರಳಾಡಿಸಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉತ್ತರ ಕೊಡುತ್ತಾರೆ. ದೆಹಲಿಯಿಂದ ಕಠ್ಮಂಡು ಎಂಟುನೂರು ಕಿಲೋಮೀಟರಿನ ಆಸುಪಾಸು, ಹೆಚ್ಚು ಕಡಿಮೆ ಒಂದೂಮುಕ್ಕಾಲು ತಾಸು. ಲೆಕ್ಕವೇನೋ ಸರಿ. ಆದರೆ ಆ ಒಂದೂಮುಕ್ಕಾಲು ತಾಸನ್ನು ನಂಬಿ ಮನೆ ಬಿಟ್ಟವನ ಗತಿ ಏನಾಗುತ್ತದೆ ಎಂಬುದು ಫೋನಿಗೆ ಗೊತ್ತಿಲ್ಲ. ಅದನ್ನು ಕೌಂಟರಿನಲ್ಲಿ ಕೂತವರು ತಿಳಿದಿರಬೇಕು. ನಾನು ಇದನ್ನು ಬರೆಯುತ್ತಿರುವುದು ಅದಕ್ಕೇ.

ನನ್ನ ಊರು ಮಾನ್ವಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲ. ಟೈಪಿಂಗ್ ಕಲಿತು ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಯಾರೋ ಹೇಳಿದರೆಂದು ಈ ಆಫೀಸಿಗೆ ಬಂದೆ. ಮಾಲೀಕರು ಖಾದರ್ ಸಾಹೇಬರು. ಬಿಳಿ ಗಡ್ಡ, ಬಾಯಿ ತುಂಬ ಪಾನು, ಸಿಟ್ಟು ಮೂಗಿನ ತುದಿಯ ಮೇಲೆ. ಸರ್ಟಿಫಿಕೇಟು ಮುಟ್ಟಿಯೂ ನೋಡಲಿಲ್ಲ. ಮಾನ್ವಿಯಿಂದ ಇಲ್ಲಿಗೆ ಬರಲು ಎಷ್ಟು ಹೊತ್ತಾಯಿತು ಎಂದು ಕೇಳಿದರು. ಬಸ್ಸಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ ಎಂದೆ. ಮನೆಯಿಂದ ಎಷ್ಟಕ್ಕೆ ಹೊರಟೆ ಎಂದರು. ಆರಕ್ಕೆ ಎಂದೆ. ಸಾಹೇಬರು ಗೋಡೆಯ ಗಡಿಯಾರ ತೋರಿಸಿದರು. ಒಂಬತ್ತಾಗಿತ್ತು.

"ಮೂರು ತಾಸು ಆತಲ್ಲ ಬೇಟಾ. ಬಸ್ಸಿನ ತಾಸು ಬಸ್ಸಿಗೆ ಇರಲಿ. ನಮ್ಮ ಗಿರಾಕಿ ಬಸ್ಸಿನಾಗ ಹುಟ್ಟಿ ಬಸ್ಸಿನಾಗ ಇಳಿಯಂಗಿಲ್ಲ. ಅವಂಗ ಹೊಸ್ತಿಲದಿಂದ ಹೊಸ್ತಿಲ ತನಕ ಹೇಳಬೇಕು."

ನನಗೆ ಸಿಕ್ಕ ತರಬೇತಿ ಅಷ್ಟೇ. ಮರುದಿನದಿಂದ ಕೆಲಸಕ್ಕೆ ಬಾ ಎಂದರು.

ಈ ಬುದ್ಧಿಯನ್ನು ಸಾಹೇಬರು ಪೆಟ್ಟು ತಿಂದು ಕಲಿತದ್ದು. ನಮ್ಮ ಗೋಡೆಯ ಮೇಲೆ ಭಾರತ ಮತ್ತು ಸುತ್ತಲಿನ ದೇಶಗಳ ಒಂದು ದೊಡ್ಡ ನಕಾಶೆ ಇತ್ತು. ರಾಯಚೂರಿನ ಮೇಲೆ ಒಂದು ಮೊಳೆ, ಮೊಳೆಗೆ ಒಂದು ಕೆಂಪು ದಾರ. ಗಿರಾಕಿ ಊರಿನ ಹೆಸರು ಹೇಳಿದರೆ ಸಾಹೇಬರು ದಾರ ಎಳೆದು ದೂರ ಅಳೆದು ತೋರಿಸುತ್ತಿದ್ದರು. ದೇವದುರ್ಗದ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಕೊಲಂಬೊಗೆ ಹೋಗಬೇಕೆಂದು ಬಂದಾಗ ದಾರ ಎಳೆದು, "ನೋಡ್ರೀ, ನಮಗ ದಿಲ್ಲಿಗಿಂತ ಕೊಲಂಬೊನೇ ಸಮೀಪ" ಎಂದು ಹೇಳಿಬಿಟ್ಟರಂತೆ. ದಾರದ ಲೆಕ್ಕದಲ್ಲಿ ಅದು ನಿಜವೇ. ಈಗಲೂ ನಂಬಿಕೆ ಬರದಿದ್ದರೆ ನಕಾಶೆ ತೆಗೆದು ನೋಡಿ. ಆದರೆ ವ್ಯಾಪಾರಿ ದೇವದುರ್ಗದಿಂದ ಬಸ್ಸು, ರಾಯಚೂರಿನಿಂದ ರೈಲು, ಮದ್ರಾಸಿನಲ್ಲಿ ಒಂದು ರಾತ್ರಿ, ಆಮೇಲೆ ವಿಮಾನ ಎಂದು ಸುಸ್ತಾಗಿ ಹೋಗಿ ಬಂದವನು ನೇರ ಆಫೀಸಿಗೆ ಬಂದು, ಯಾವ ದಾರ ಎಳೆದು ತೋರಿಸಿದ್ದಿರೋ ಅದೇ ದಾರದ ಮೇಲೆ ನನ್ನನ್ನು ಕಳಿಸಬೇಕಾಗಿತ್ತು ಎಂದು ಮೆಟ್ಟಿಲಿಳಿಯುವವರೆಗೂ ಬೈದನಂತೆ. ಸಾಹೇಬರು ಅಂದಿನಿಂದ ದಾರ ಬಿಟ್ಟು ಹೊಸ್ತಿಲು ಹಿಡಿದರು.

ಆಗಿನ ಕೆಲಸದ ರೀತಿ ಕೇಳಿದರೆ ನೀವು ನಗುತ್ತೀರಿ. ವಿಮಾನಗಳ ವೇಳೆ ತಿಳಿಯಲು ಇಟ್ಟಂಗಿಯಷ್ಟು ದಪ್ಪದ ಪುಸ್ತಕ. ಸೀಟು ಕೇಳಲು ಹೈದರಾಬಾದಿನ ಏಜೆಂಟನಿಗೆ ಫೋನು. ಆ ಫೋನು ಸಿಗುವವರೆಗೆ ಗಿರಾಕಿಗೆ ಚಹಾ, ಮತ್ತೆ ಚಹಾ. ಟಿಕೆಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಲಕೋಟೆಯೊಳಗೆ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಪುಸ್ತಕ ಹೋಯಿತು. ಕೊನೆಗೆ ವಿಮಾನ ಆಕಾಶದಲ್ಲಿ ಎಲ್ಲಿದೆ ಎಂದು ಫೋನಿನಲ್ಲಿ ಹಳದಿ ಚುಕ್ಕೆಯಾಗಿ ಕಾಣುವ ಕಾಲ ಬಂತು. ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತು ಕೂತಿದ್ದೆ. ಯಾರು ಯಾರೋ ಎಲ್ಲಿಂದ ಎಲ್ಲಿಗೋ ಹಾರುತ್ತಿದ್ದಾರೆ, ಅವರೆಲ್ಲ ನನ್ನ ಅಂಗೈಯಲ್ಲಿ! ಸಾಹೇಬರು ಅದನ್ನು ನೋಡುವ ಮೊದಲೇ ತೀರಿಕೊಂಡಿದ್ದರು. ಅವರ ಮಗ ಆಫೀಸು ನೋಡಿಕೊಳ್ಳುತ್ತಿದ್ದ. ಕೆಂಪು ದಾರ ಮಾತ್ರ ಗೋಡೆಯಲ್ಲೇ ಉಳಿದಿತ್ತು.

ಗಡಿಯಾರದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಮುಂದೆ ಅದು ಬೇಕಾಗುತ್ತದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ ಓಡುತ್ತದೆ. ಅರ್ಧ ತಾಸೂ ಅಲ್ಲ, ಒಂದು ತಾಸೂ ಅಲ್ಲ, ಕಾಲು ತಾಸು! ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಮುಟ್ಟುವ ವೇಳೆ ಮುಟ್ಟುವ ಊರಿನದು ಇರುತ್ತದೆ. ಹೀಗಾಗಿ ಹೋಗುವಾಗ ಹಾರಾಟ ಉದ್ದ ಕಾಣುತ್ತದೆ, ಬರುವಾಗ ಮೋಟು. ಒಮ್ಮೆ ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯಿಂದ ಶಿವಭಕ್ತರ ಒಂದು ಗುಂಪನ್ನು ಪಶುಪತಿನಾಥನ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿ ಬೆಳೆದ ರೈತರು, ಅಲ್ಲಮಪ್ರಭುವಿನ ಗುಡಿಯ ವಿಭೂತಿ ಹಚ್ಚಿಕೊಂಡೇ ವಿಮಾನ ಹತ್ತಿದವರು. ಬರುವಾಗ ಅವರ ಹಿರಿಯ ಮಲ್ಲಣ್ಣ ಎರಡೂ ಟಿಕೆಟ್ಟು ಪಕ್ಕಪಕ್ಕದಲ್ಲಿ ಹಿಡಿದು ಹಣೆ ಗಂಟಿಕ್ಕಿದ. ಹೋಗುವಾಗ ಎರಡು ತಾಸು, ಬರುವಾಗ ಅಷ್ಟಿಲ್ಲ, ಯಾಕೆ? ನಾನು ಬಾಯಿ ತೆರೆಯುವುದರೊಳಗೆ ಅವನೇ ತೀರ್ಪು ಕೊಟ್ಟ. "ತಿಳೀತು ಬಿಡ್ರಿ. ಹೋಗಬೇಕಾದ್ರ ಹಿಮಾಲಯದ ಏರು. ಬರಬೇಕಾದ್ರ ಇಳಿಜಾರು." ಗುಂಪೆಲ್ಲ ತಲೆದೂಗಿತು. ನಾನು ಗಡಿಯಾರದ ವಿಷಯ ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಇಳಿಜಾರೇ ರುಚಿಸಿತು. ಗೂಗಲ್‌ನಲ್ಲಿ ಇವತ್ತಿಗೂ ಕಠ್ಮಂಡುವಿನಿಂದ ವಿಮಾನ ಇಳಿಜಾರಿನಲ್ಲಿ ಬರುತ್ತದೆ.

ಈಗ ಬಹಾದ್ದೂರನ ಪ್ರಕರಣಕ್ಕೆ ಬರುತ್ತೇನೆ. ನನ್ನ ಸರ್ವಿಸಿನ ಕೊನೆಯ ದೀಪಾವಳಿ ಅದು.

ಧನಬಹಾದ್ದೂರ ನಮ್ಮ ಆಫೀಸಿನ ಬೀದಿಯ ಗೂರ್ಖಾ, ಕಾವಲುಗಾರ. ನೇಪಾಳದವನು. ಮೀಸೆ ಮೂಡುವ ವಯಸ್ಸಿಗೆ ರಾಯಚೂರಿಗೆ ಬಂದವನು, ತಲೆ ನರೆಯುವ ತನಕ ಇಲ್ಲೇ ಉಳಿದ. ಶರಣಪ್ಪ ಸಾಹುಕಾರರ ಅಕ್ಕಿ ಗಿರಣಿಯ ಗೇಟು, ಅದರ ಸುತ್ತಲಿನ ಅಂಗಡಿ ಸಾಲು ಅವನ ಕಾವಲು. ನಮ್ಮ ಮಾತು ನಮಗಿಂತ ಚೆನ್ನಾಗಿ ಆಡುತ್ತಾನೆ. ಬೇಸಿಗೆಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ರೈಲು, ಬಸ್ಸು, ಮತ್ತೆ ಬಸ್ಸು ಎಂದು ನಾಲ್ಕು ದಿನ ತೂಗಾಡಿ ಊರಿಗೆ ಹೋಗಿ ಬರುತ್ತಿದ್ದ. ದೀಪಾವಳಿಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ದೀಪಾವಳಿಯಲ್ಲೇ ಕಾವಲುಗಾರನ ಅಗತ್ಯ ಹೆಚ್ಚು. ಲಕ್ಷ್ಮೀಪೂಜೆಗೆ ಅಂಗಡಿಗಳೆಲ್ಲ ತೆರೆದು ಕೂತಿರುತ್ತವೆ, ಕಳ್ಳರಿಗೂ ಹಬ್ಬ.

ಅವನ ಅಕ್ಕ ಮನಮಾಯಾ. ಕಠ್ಮಂಡುವಿನ ಪಕ್ಕದ ಭಕ್ತಪುರದಲ್ಲಿ ಇದ್ದಾಳೆ. ಅವಳಿಗೆ ಇವನೊಬ್ಬನೇ ತಮ್ಮ. ನೇಪಾಳದವರ ದೀಪಾವಳಿಯ ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರನ್ನು ಕೂರಿಸಿ ಹಣೆಗೆ ಏಳು ಬಣ್ಣದ ಟೀಕಾ ಇಡುತ್ತಾರೆ. ಭಾಯಿಟೀಕಾ ಎನ್ನುತ್ತಾರೆ. ಇಡುವ ತನಕ ಅವರು ಉಪವಾಸ. ಮನಮಾಯಾ ಇಪ್ಪತ್ತು ವರ್ಷಕ್ಕೂ ಮೇಲೆ ತಮ್ಮನ ಫೋಟೋಗೆ ಟೀಕಾ ಇಟ್ಟು ಊಟ ಮಾಡಿದವಳು. ಆ ವರ್ಷ ಅವಳು ಫೋನಿನಲ್ಲಿ ಹೇಳಿದಳಂತೆ, ಕಣ್ಣು ಮಂಜಾಗುತ್ತ ಬಂದಿವೆ, ಡಾಕ್ಟರು ದೃಷ್ಟಿ ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದಿದ್ದಾರೆ, ನಿನ್ನ ಹಣೆ ಕಾಣುವ ತನಕ ಒಂದು ಸಲ ಬಂದು ಕೂತು ಹೋಗು. ಬಹಾದ್ದೂರ ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಸಾಹುಕಾರರ ಹೆಂಡತಿ ಗೌರಮ್ಮನವರು ಅವನು ಗೇಟಿನ ಹತ್ತಿರ ಕೂತು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಬಾಯಿ ಬಿಡಿಸಿದರು. ಬಿಡಿಸಿದವರು ಸುಮ್ಮನೆ ಕೂರುವ ಹೆಂಗಸಲ್ಲ. ಗಂಡನನ್ನೂ ಅವನನ್ನೂ ಹಿಂದಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿದರು.

"ಇವನ ಟಿಕೆಟ್ ನಮ್ಮ ಕಡಿಂದ. ಅಕ್ಕನ ಹಬ್ಬಕ್ಕ ಮುಟ್ಟಬೇಕು, ಅಷ್ಟ ನೋಡವ್ವಾ."

ಹಬ್ಬ ಯಾವ ದಿನ ಎಂದು ಕೇಳಿದೆ. ಐದನೆಯ ದಿನ ಎಂದ ಬಹಾದ್ದೂರ. ಗೌರಮ್ಮನವರು ಬೆರಳು ಮಡಿಸಿದರು. ನರಕ ಚತುರ್ದಶಿ ಎಣ್ಣೆಸ್ನಾನ ಒಂದು, ಅಮಾವಾಸ್ಯೆ ಎರಡು, ಪಾಡ್ಯ ಮೂರು, ಬಿದಿಗೆ ನಾಲ್ಕು, ತದಿಗೆ ಐದು. "ಅಕ್ಕನ ತದಿಗಿ! ನಮ್ಮದೂ ಅದ, ಅವರದೂ ಅದ" ಎಂದು ಗೆದ್ದವರಂತೆ ನಕ್ಕರು. ನಮ್ಮ ಕಡೆ ದೀಪಾವಳಿಯ ಬೆನ್ನಿಗೆ ಅಕ್ಕತಂಗಿಯರ ಹಬ್ಬವಾದ ಅಕ್ಕನ ತದಿಗೆ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಸಾಹುಕಾರರು ಹೌದು ಎಂದರು, ಆಫೀಸಿನಲ್ಲಿದ್ದವರೆಲ್ಲ ಹೌದು ಎಂದರು. ಬಹಾದ್ದೂರನಿಗೆ ನಮ್ಮ ತಿಥಿಗಳ ಹೆಸರು ತಿಳಿಯದು. ಯಜಮಾನತಿ ಎಣಿಸಿದ ಮೇಲೆ ಮತ್ತೇನು ಎಂದು ಅವನೂ ತಲೆಯಾಡಿಸಿದ. ಬಿದಿಗೆಯ ಬೆಳಿಗ್ಗೆ ಹೈದರಾಬಾದು, ಅಲ್ಲಿಂದ ದೆಹಲಿ, ಸಂಜೆ ಕಠ್ಮಂಡು. ತದಿಗೆಗೆ ಅಕ್ಕನ ಮನೆ. ಟಿಕೆಟ್ ಆಯಿತು.

ಹಬ್ಬಕ್ಕೆ ಕೆಲವೇ ದಿನ ಇದ್ದಾಗ ಬಹಾದ್ದೂರ ಟಿಕೆಟ್ ಪ್ರಿಂಟು ಒಯ್ಯಲು ಬಂದ. ಕೆಲಸ ಕಡಿಮೆ ಇತ್ತು, ಚಹಾ ತರಿಸಿದೆ. ನಿಮ್ಮ ಹಬ್ಬ ಹೇಗೆ ಮಾಡುತ್ತೀರಿ ಎಂದು ಸುಮ್ಮನೆ ಕೇಳಿದೆ. ಅವನ ಮುಖ ಅರಳಿತು. "ಮೊದಲನೇ ದಿನ ಕಾಗಿ ಪೂಜಿ ರೀ. ಎರಡನೇ ದಿನ ನಾಯಿ ಪೂಜಿ. ಕೊಳ್ಳಾಗ ಹೂವಿನ ಮಾಲಿ ಹಾಕಿ ತಿನ್ನಾಕ ಕೊಡ್ತೀವಿ. ಮೂರನೇ ದಿನ ಆಕಳ, ಸಂಜಿಗೆ ಲಕ್ಷ್ಮಿ." ನಾಯಿಗೆ ಹಾರ ಹಾಕುತ್ತಾರೆ ಎಂದು ಕೇಳಿ ನಾನು ನಗುತ್ತಿದ್ದೆ. ನಗುತ್ತ ನಗುತ್ತ ಚಹಾದ ಲೋಟ ಕೆಳಗಿಟ್ಟೆ. ಮೂರನೆಯ ದಿನ ಲಕ್ಷ್ಮಿ?

ಲಕ್ಷ್ಮೀಪೂಜೆ ಎಂದರೆ ಅಮಾವಾಸ್ಯೆ. ನಮಗೂ ಅಷ್ಟೇ, ಅವರಿಗೂ ಅಷ್ಟೇ. ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ ಎರಡನೆಯ ದಿನ, ಅವನ ಲೆಕ್ಕದಲ್ಲಿ ಮೂರನೆಯದು. ನಾವು ಎಣ್ಣೆಸ್ನಾನದಿಂದ ಎಣಿಸಿದ್ದೆವು, ಅವರು ಕಾಗೆಯಿಂದ ಎಣಿಸುತ್ತಿದ್ದರು. ಒಂದು ಕಾಗೆಯನ್ನು ಬಿಟ್ಟು ಎಣಿಸಿ ಇಡೀ ಗಿರಣಿ ಸೇರಿ ಅವನನ್ನು ಒಂದು ದಿನ ತಡವಾಗಿ ಕಳಿಸಲು ಹೊರಟಿತ್ತು. ಐದನೆಯ ದಿನ ತದಿಗೆಯಲ್ಲ, ಬಿದಿಗೆ!

ನಾನು ಹೇಳಿದಾಗ ಬಹಾದ್ದೂರ ಎದ್ದು ನಿಂತ. ಭಕ್ತಪುರಕ್ಕೆ ಫೋನು ಹಚ್ಚಿ ಅಕ್ಕನನ್ನು ಕೇಳಿದ. ಹೌದು, ಪಾಡ್ಯದ ಮರುದಿನವೇ. ಆ ವರ್ಷದ ಶುಭ ಗಳಿಗೆ ಹನ್ನೊಂದೂಮುಕ್ಕಾಲು ಎಂದು ಅಲ್ಲಿನ ರೇಡಿಯೋ ಆಗಲೇ ಹೇಳಿತ್ತಂತೆ. ಇವನು ಫೋನು ಇಟ್ಟು, "ಅಕ್ಕಾರ, ಆಕಿಗಿ ನಾ ಬರತೀನಿ ಅಂತ ಹೇಳಿಬಿಟ್ಟೀನ್ರೀ" ಎಂದ.

ಕಂಪ್ಯೂಟರಿಗೆ ಕೂತೆ. ನೇಪಾಳದವರೆಲ್ಲ ಹಬ್ಬಕ್ಕೆ ಊರಿಗೆ ಹೊರಟಿದ್ದಾರೆ, ಪಾಡ್ಯದ ವಿಮಾನ ಒಂದರಲ್ಲೂ ಜಾಗವಿಲ್ಲ. ದೆಹಲಿಯ ಹಳೆಯ ಪರಿಚಯದ ಏಜೆಂಟರಿಗೆಲ್ಲ ಫೋನು ಮಾಡಿದೆ. ಬೇಡಿದೆ, ಗದರಿದೆ. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಸಂಜೆಗೆ ಒಂದು ಸೀಟು ಸಿಕ್ಕಿತು, ಬಿದಿಗೆಯ ಬೆಳಗಿನ ವಿಮಾನದಲ್ಲಿ. ಕಠ್ಮಂಡುವಿಗೆ ಮುಟ್ಟುವುದು ಅಲ್ಲಿನ ಒಂಬತ್ತೂಕಾಲಿಗೆ. ಹಿಂದಿನ ದಿನ ಪಾಡ್ಯದ ಸಂಜೆ ಹೈದರಾಬಾದಿನಿಂದ ದೆಹಲಿ. ನಾನು ಸಾಹೇಬರ ಲೆಕ್ಕ ಹಾಕಿದೆ. ವಿಮಾನ ಇಳಿದು ಚೀಲ ಬರಲು, ಪೇಪರು ತೋರಿಸಲು, ಟ್ಯಾಕ್ಸಿ ಹಿಡಿಯಲು, ಭಕ್ತಪುರ ಮುಟ್ಟಲು, ಹಬ್ಬದ ಗದ್ದಲ ಸೇರಿಸಿ ಹನ್ನೊಂದಕ್ಕೆ ಅಕ್ಕನ ಹೊಸ್ತಿಲು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಆದರೂ ಆಗುತ್ತದೆ ಎಂದೆ.

ಪಾಡ್ಯದ ದಿನ ಗಿರಣಿಯಲ್ಲಿ ಮಷೀನುಗಳ ಪೂಜೆ. ಸಾಹುಕಾರರು ಸ್ವಲ್ಪ ಗೊಣಗಿದರು, ಕಾವಲಿಗೆ ಯಾರು ಎಂದು. ನಾವು ಕಾಯುತ್ತೇವೆ ಎಂದು ಗಿರಣಿಯ ಹಮಾಲರು ಮುಂದೆ ಬಂದರು. ಗೌರಮ್ಮನವರು ಗಂಡನ ಕಡೆ ಒಮ್ಮೆ ನೋಡಿದರು, ಗೊಣಗಾಟ ನಿಂತಿತು. ಮನಮಾಯಾಳಿಗೆಂದು ಉಡಿ ತುಂಬುವ ಸಾಮಾನು ಕಟ್ಟಿದರು. ನಮ್ಮ ಗಿರಣಿಯ ಸೋನಾ ಮಸೂರಿ ಅಕ್ಕಿ, ಉತ್ತತ್ತಿ, ಅರಿಷಿಣ, ಕುಂಕುಮ, ಗುಳೇದಗುಡ್ಡದ ಖಣ. ಒಣಕೊಬ್ಬರಿ ಮಾತ್ರ ಬೇಡ, ಅದರ ಎಣ್ಣೆಗೆ ಬೆಂಕಿ ಹತ್ತುತ್ತದೆ ಎಂದು ವಿಮಾನದಲ್ಲಿ ಬಿಡುವುದಿಲ್ಲ ಎಂದು ನಾನು ಎರಡೆರಡು ಸಲ ಹೇಳಿದ್ದೆ. ಆಯಿತು ಎಂದರು. ನಾನು ಅತ್ತ ಹೋದದ್ದೇ ತಡ, ಗಂಟು ಬಿಚ್ಚಿ ನಡುವೆ ಎರಡು ಕೊಬ್ಬರಿ ಬಟ್ಟಲು ಇಟ್ಟು ಮತ್ತೆ ಕಟ್ಟಿದ್ದರು. ಕೊಬ್ಬರಿ ಇಲ್ಲದ ಉಡಿ ತುಂಬಿದರೆ ಅಪಶಕುನ ಎಂದು ಅವರ ನಂಬಿಕೆ.

ಸಂಜೆ ಹೈದರಾಬಾದಿನ ವಿಮಾನ ನಿಲ್ದಾಣದಿಂದ ಬಹಾದ್ದೂರನ ಫೋನು ಬಂತು. ಚೀಲ ಮಷೀನಿನಲ್ಲಿ ಸಿಕ್ಕಿಬಿದ್ದಿದೆ, ಬಿಚ್ಚಿಸಿದ್ದಾರೆ, ಕೊಬ್ಬರಿ ತೆಗೆಯಲು ಹೇಳುತ್ತಿದ್ದಾರೆ. ತೆಗೆದುಬಿಡು ಎಂದೆ. ಅವನು ಒಪ್ಪಲೊಲ್ಲ. ನೇಪಾಳದ ಮನುಷ್ಯ ರಾಯಚೂರಿನ ಉಡಿಯ ಪರವಾಗಿ ಹಟ ಹಿಡಿದು ನಿಂತಿದ್ದಾನೆ! "ಅವ್ವಾರು ಇಟ್ಟಾರ್ರೀ. ಕೊಬ್ಬರಿ ಬಿಟ್ಟು ಉಡಿ ಹೆಂಗ ತುಂಬಲಿ? ಆಮ್ಯಾಲ ದಿದಿಗಿ ಏನರ ಆದ್ರ?" ಅವನು ದಿದಿ ಎನ್ನುವುದು ಅಕ್ಕನಿಗೆ. ನಾನು ಗೌರಮ್ಮನವರಿಗೆ ಇನ್ನೊಂದು ಫೋನು ಹಚ್ಚಿ ಎರಡೂ ಫೋನು ಬಾಯಿಗೆ ಬಾಯಿ ಹಚ್ಚಿ ಹಿಡಿದೆ. ಮೊದಲು ಅವರು ವಿಮಾನದವರಿಗೆ ನಾಲ್ಕು ಮಾತು ಬೈದರು. ಆಮೇಲೆ ದನಿ ಇಳಿಸಿದರು.

"ಬಾದೂರಾ, ಕೊಬ್ಬರಿ ಅಲ್ಲೇ ಬಿಡಪ್ಪ. ಉತ್ತತ್ತಿ ಅದಾವಲ್ಲ, ಸಾಕು. ನೀ ಮುಟ್ಟೋದ ದೊಡ್ಡ ಉಡಿ. ಓಡು."

ಓಡಿದ. ಬಾಗಿಲು ಮುಚ್ಚುವ ಮೊದಲು ವಿಮಾನ ಹತ್ತಿದ.

ಬಿದಿಗೆಯ ಬೆಳಿಗ್ಗೆ ನಾನು ಮನೆಯಲ್ಲಿ ಕೂರಲಾರದೆ ಆಟೋ ಹಿಡಿದು ಗಿರಣಿಗೆ ಹೋದೆ. ಗಿರಣಿ ಬಂದ್, ಆದರೆ ಅಂಗಳ ತುಂಬ ಜನ. ಹಮಾಲರು, ಅವರ ಹೆಂಡಿರು, ಗಿಲ್ಲೆಸುಗೂರಿನಿಂದ ಭತ್ತ ತಂದು ಹಬ್ಬಕ್ಕೆ ಸಿಕ್ಕಿಕೊಂಡಿದ್ದ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ನನ್ನ ಫೋನಿನಲ್ಲಿ ಬಹಾದ್ದೂರನ ವಿಮಾನ ಹಳದಿ ಚುಕ್ಕೆಯಾಗಿ ನೇಪಾಳದ ಗಡಿ ದಾಟುತ್ತಿತ್ತು. ದೇಶ ದಾಟಿದ ಎಂದೆ. ಹಮಾಲರು ಶಿಳ್ಳೆ ಹೊಡೆದರು. ಗೌರಮ್ಮನವರು ಎಲ್ಲರಿಗೂ ಕರ್ಚಿಕಾಯಿ ಹಂಚಿದರು. ಇನ್ನು ಇಳಿಯುವುದು ಅಷ್ಟೇ ಬಾಕಿ.

ಚುಕ್ಕೆ ಇಳಿಯಲಿಲ್ಲ. ಕಠ್ಮಂಡುವಿನ ಹತ್ತಿರ ಹೋದದ್ದು ಒಮ್ಮೆಲೇ ತಿರುಗಿ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ರಾಶಿಯ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ ತಿರುಗತೊಡಗಿತು.

"ಪೈಲಟ್‌ಗ ದಾರಿ ತಪ್ಪೇತೇನವ್ವಾ?" ಎಂದರು ಸಾಹುಕಾರರು.

ಕಠ್ಮಂಡು ಗುಡ್ಡಗಳ ನಡುವಿನ ಊರು, ವಿಮಾನ ಇಳಿಯುವ ದಾರಿ ಒಂದೇ, ಹಬ್ಬದ ದಿನ ಸಾಲು ಹತ್ತಿರುತ್ತದೆ ಎಂದು ಬಿಡಿಸಿ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಜಾಗವಿಲ್ಲದಿದ್ದರೆ ಬಸ್ಸು ಹೊರಗೆ ನಿಲ್ಲುತ್ತದೆ, ವಿಮಾನಕ್ಕೆ ನಿಲ್ಲಲು ಬರುವುದಿಲ್ಲ, ಅದಕ್ಕೇ ತಿರುಗುತ್ತದೆ. ಅವರಿಗೆ ಹೇಳಿದ್ದು ಇಷ್ಟು. ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ಎಣ್ಣೆ ಕಡಿಮೆಯಾದರೆ ಇಂಥ ವಿಮಾನ ಲಖನೌಗೋ ದೆಹಲಿಗೋ ವಾಪಸು ಹೋಗುತ್ತದೆ. ನನ್ನ ಗಿರಾಕಿಗಳಿಗೇ ಹಾಗೆ ಆದದ್ದುಂಟು. ಅಕ್ಕನ ಮನೆಯ ಚಾವಣಿಯ ಮೇಲೆ ಸುತ್ತಿ ಅವಳ ಮುಖ ನೋಡದೆ ಹಿಂದಿರುಗುವುದೆಂದರೆ! ಆ ಚುಕ್ಕೆಯನ್ನು ಬೆರಳಿನಿಂದ ತಳ್ಳಿ ಇಳಿಸಿಬಿಡಲೇ ಎನ್ನಿಸಿತು ನನಗೆ.

ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿಲ್ಲ. ಮುಹೂರ್ತ, ರಾಹುಕಾಲ ಇವನ್ನೆಲ್ಲ ಅಪ್ಪ ಹೊಸ್ತಿಲ ಒಳಗೆ ಬಿಟ್ಟುಕೊಂಡವನಲ್ಲ. ನನ್ನ ಮದುವೆ ಆದದ್ದು ಅಮಾವಾಸ್ಯೆಯ ದಿನ, ಛತ್ರ ಖಾಲಿ ಇತ್ತೆಂದು. ಅಂಥ ನಾನು ಅವತ್ತು ಗಿರಣಿಯ ಅಂಗಳದಲ್ಲಿ ಇನ್ನೊಬ್ಬರ ಶುಭ ಗಳಿಗೆಗೆ ಫೋನು ಹಿಡಿದು ಕಾಯುತ್ತ ನಿಂತಿದ್ದೆ. ನಂಬಿಕೆ ನನ್ನದಲ್ಲದಿದ್ದರೇನು, ಉಪವಾಸ ಕೂತವಳು ನಿಜ, ಮಂಜಾಗುತ್ತಿರುವ ಕಣ್ಣು ನಿಜ.

ಒಂದು ತಾಸಿಗೂ ಹೆಚ್ಚು ಸುತ್ತಿದ ಮೇಲೆ ಚುಕ್ಕೆ ನೇರವಾಯಿತು. ಊರಿನ ಕಡೆ ಮುಖ ಮಾಡಿತು. ಮೆಲ್ಲಗಾಗುತ್ತ ಹೋಗಿ ಊರಿನ ಮೇಲೆ ನಿಂತಿತು. ಇಳಿದ! ಅಂಗಳದಲ್ಲಿ ಎದ್ದ ಗದ್ದಲಕ್ಕೆ ಪಾರಿವಾಳಗಳು ಹಾರಿ ಹೋದವು. ಗೌರಮ್ಮನವರು ನನ್ನ ಕೈ ಹಿಡಿದುಕೊಂಡರು.

ಆಮೇಲೆ ಕಾಯುವುದು. ಅವನ ಸಿಮ್ಮು ಅಲ್ಲಿ ನಡೆಯುವುದಿಲ್ಲ, ಅಕ್ಕನ ಮನೆ ಮುಟ್ಟಿದ ಮೇಲೇ ಫೋನು. ಗಿರಣಿಯ ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ ಆಯಿತು. ಇನ್ನೂ ಕಾಲು ತಾಸು ಅದ, ಮುಟ್ಟತಾನ ಎಂದು ಹಮಾಲರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ನಾನು ಬಾಯಿ ಬಿಡಲಿಲ್ಲ. ನೇಪಾಳದಲ್ಲಿ ಆಗಲೇ ಹನ್ನೊಂದೂಮುಕ್ಕಾಲು. ಗಳಿಗೆ ಅಲ್ಲಿ ಬಂದು ಹೋಗುತ್ತಿತ್ತು. ಇಲ್ಲಿ ಇವರು ಇನ್ನೂ ಅದಕ್ಕಾಗಿ ಕಾಯುತ್ತಿದ್ದರು. ಸುಳ್ಳು ಹೇಳಿದ್ದೇನೂ ಅಲ್ಲ, ಆದರೆ ಆ ಕಾಲು ತಾಸು ನನಗೆ ನುಂಗಲಾಗಲಿಲ್ಲ.

ನಮ್ಮ ಗಡಿಯಾರದಲ್ಲಿ ಹನ್ನೆರಡು ದಾಟಿದ ಮೇಲೆ ಫೋನು ಬಂತು. ವಿಡಿಯೋ ಕಾಲ್. ಪರದೆ ತುಂಬ ಬಹಾದ್ದೂರನ ಹಣೆ, ಹಣೆಯ ಮೇಲೆ ಏಳು ಬಣ್ಣ, ಕೊರಳಲ್ಲಿ ನೇರಳೆ ಹೂವಿನ ಮಾಲೆ. ಗೆರೆ ಸ್ವಲ್ಪ ವಾರೆಯಾಗಿತ್ತು. ಅವನು ನಗುತ್ತಿದ್ದ. ಗಳಿಗೆ ಮೀರಿತೇನೋ ಎಂದು ಗೌರಮ್ಮನವರು ಅಂಜುತ್ತಲೇ ಕೇಳಿದರು. ಮೀರಿತ್ತಂತೆ. ಓಣಿಯ ಹೆಂಗಸರೆಲ್ಲ ಫೋಟೋಗೆ ಇಟ್ಟುಬಿಡು ಎಂದರೂ ಮನಮಾಯಾ ಕೇಳಿರಲಿಲ್ಲ. ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ ಹೊಸ್ತಿಲ ಮೇಲೆ ಅಖರೋಟು ಇಟ್ಟುಕೊಂಡು ಕೂತಿದ್ದಳು. ತಮ್ಮನ ಆಯುಷ್ಯಕ್ಕೆ ಅಡ್ಡ ಬರುವುದನ್ನೆಲ್ಲ ಆ ಅಖರೋಟಿನ ಜೊತೆ ಹೊಸ್ತಿಲಲ್ಲೇ ಒಡೆಯುವುದು ಅವರ ಪದ್ಧತಿ. ಇವನು ಬಂದ ಮೇಲೇ ಒಡೆದಳು.

"ಉಡಿ ತುಂಬಿದ್ಯೋ ಇಲ್ಲೋ?" ಎಂದರು ಗೌರಮ್ಮನವರು.

ಬಹಾದ್ದೂರ ಫೋನು ತಿರುಗಿಸಿದ. ನರೆತ ಕೂದಲಿನ ಸಣ್ಣ ಹೆಂಗಸು, ಸೆರಗಿನ ತುಂಬ ನಮ್ಮ ಗಿರಣಿಯ ಅಕ್ಕಿ. ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈಯಿಂದ ಅಕ್ಕಿ ಸವರುತ್ತಿದ್ದಳು. ಗೌರಮ್ಮನವರು ಅಳತೊಡಗಿದರು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಮನಮಾಯಾ ತಮ್ಮನಿಗೆ ಏನೋ ಹೇಳಿದಳು. "ಅಕ್ಕಾರ," ಎಂದ ಅವನು ನನಗೆ, "ಟಿಕೆಟ್ ಮಾಡಿದಾಕಿ ನೀವಂತ ಹೇಳಿದ್ನಿ. ದಿದಿ ನಿಮ್ಮನ್ನ ಕೇಳಾಕತ್ತಾಳ. ರಾಯಚೂರು ಎಷ್ಟು ದೂರ ಅದ, ಎಷ್ಟು ತಾಸು ಹಿಡೀತದ ಅಂತ."

ಜೀವಮಾನವೆಲ್ಲ ಕೇಳಿದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ದಾರ ಎಳೆದರೆ ಒಂದೂವರೆ ಸಾವಿರ ಕಿಲೋಮೀಟರು ಎನ್ನಬಹುದಿತ್ತು. ಎರಡು ವಿಮಾನದ ಹಾರಾಟ ಕೂಡಿಸಿ ನಾಲ್ಕು ತಾಸು ಎನ್ನಬಹುದಿತ್ತು. ನಾನು ಸಾಹೇಬರ ಲೆಕ್ಕವನ್ನೇ ಹೇಳಿದೆ. ನಿನ್ನೆ ಮಧ್ಯಾಹ್ನ ಗಿರಣಿಯ ಗೇಟು ಬಿಟ್ಟ, ಇವತ್ತು ಮಧ್ಯಾಹ್ನ ಅವಳ ಬಾಗಿಲು ಮುಟ್ಟಿದ.

"ಹೊಸ್ತಿಲದಿಂದ ಹೊಸ್ತಿಲಕ್ಕ ಒಂದು ದಿನ ಅಂತ ಹೇಳಪ್ಪ."

ಅವನು ಅವರ ಭಾಷೆಯಲ್ಲಿ ಹೇಳಿದ. ಅಕ್ಕಿಯಲ್ಲಿ ಆಡುತ್ತಿದ್ದ ಅವಳ ಬೆರಳು ನಿಂತವು. ಪರದೆಯ ಕಡೆ ಮುಖ ತಂದು, ಎಲ್ಲಿ ನೋಡಬೇಕೆಂದು ತಿಳಿಯದೆ ಸ್ವಲ್ಪ ಪಕ್ಕಕ್ಕೆ ನೋಡುತ್ತ, ಸಣ್ಣದೊಂದು ಮಾತು ಕೇಳಿದಳು. ಏನಂದಳೋ ಎಂದು ಗೌರಮ್ಮನವರು ಎರಡು ಸಲ ಕೇಳಿದ ಮೇಲೆ ಬಹಾದ್ದೂರ ಹೇಳಿದ.

"'ಅಷ್ಟ ಏನು?' ಅಂತ ಕೇಳಾಕತ್ತಾಳ್ರೀ."

ಒಂದು ದಿನದ ದಾರಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಅವಳ ದೀಪಾವಳಿಗಳು ಫೋಟೋದ ಮುಂದೆ ಕಳೆದಿದ್ದವು. ಸಾಹುಕಾರರು ಎದ್ದು ಬಹಾದ್ದೂರ ಕೂರುತ್ತಿದ್ದ ಗೇಟಿನ ಕಡೆ ಹೋಗಿ ನಿಂತರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ದೂರದ ಲೆಕ್ಕ ಹೇಳುವವಳು ನಾನೇ ಅಲ್ಲವೇ. ಕೌಂಟರಿನಲ್ಲಿ ಕೂತು ಮುದುಕಿಯಾದ ನಾನು ಉತ್ತರ ಹೇಳದೆ ಬಿಟ್ಟ ಪ್ರಶ್ನೆ ಅದೊಂದೇ.